ಪಾಳೆಯಪಟ್ಟು ಬಿಟ್ಟು ಬೆಟ್ಟ ಹತ್ತಿದ ನಿಜಗುಣರು

ಗುಂಡ್ಲುಪೇಟೆ, ಚಾಮರಾಜನಗರದ ಹಳ್ಳಿಗಳಲ್ಲಿ ಸಾವಿನ ಮನೆ ಮುಂದೆ ರಾತ್ರಿಯಿಡೀ ಭಜನೆ ಕೂರುವುದು ಹಳೇ ವಾಡಿಕೆ. ಹಾರ್ಮೋನಿಯಂ, ತಾಳ, ಸುತ್ತ ಹತ್ತಾರು ಜನ. ತತ್ವಪದ ಒಂದು ಮುಗಿದು ಇನ್ನೊಂದು ಶುರುವಾಗುತ್ತೆ. ಹಾಡಿನ ಕೊನೆಗೆ ಶಂಭುಲಿಂಗ ಎಂಬ ಅಂಕಿತ ಬಂತೆಂದರೆ ಅದು ನಿಜಗುಣ ಶಿವಯೋಗಿಗಳ ಪದ. ಹಾಡುವವರಲ್ಲೇ ಎಷ್ಟೋ ಮಂದಿಗೆ ಬರೆದವರ ಹೆಸರು ಗೊತ್ತಿರೋದಿಲ್ಲ. ಬರೆದವರು ಇದೇ ಜಿಲ್ಲೆಯವರು ಅಂದರೆ ಹೌದಾ ಅಂತ ಕಣ್ಣರಳಿಸುತ್ತಾರೆ.

ಹೌದು, ಇದೇ ಜಿಲ್ಲೆಯವರು. ಆ ಶಂಭುಲಿಂಗ ಎಲ್ಲೋ ದೂರದ ದೇವರಲ್ಲ. ಕೊಳ್ಳೇಗಾಲ ಸೀಮೆಯ ಚಿಲಕವಾಡಿ ಬೆಟ್ಟದ ಮೇಲಿರುವ ದೇವರು. ಸಂತೆಮರಹಳ್ಳಿ ಮೇಲೆ ಕೊಳ್ಳೇಗಾಲದ ಬಸ್ಸು ಹಿಡಿಯುವವರಿಗೆ ಆ ಸೀಮೆ ಹೊಸದೂ ಅಲ್ಲ.

ನಿಜಗುಣರ ಕಾಲ 15ನೇ ಶತಮಾನ, ಇಲ್ಲವೇ 1500ರ ಹಿಂದುಮುಂದು ಅಂತ ಪಂಡಿತರ ಲೆಕ್ಕ. ಬೆಟ್ಟದ ಸುತ್ತಲ ಸೀಮೆಗೆ ಅವರೇ ಒಡೆಯರಾಗಿದ್ದರು, ಚಿಕ್ಕ ಪಾಳೆಯಗಾರರಾಗಿದ್ದರು ಅಂತ ಪರಂಪರೆ ಹೇಳುತ್ತೆ. ಪಾಳೆಯಗಾರಿಕೆ ಅಂದರೆ ಸುಮ್ನೆ ಅಲ್ಲ. ಕಂದಾಯ ಎತ್ತಬೇಕು, ಆಳುಕಾಳು ಸಾಕಬೇಕು, ಪಕ್ಕದವನು ಗಡಿ ಒತ್ತಿದರೆ ಕತ್ತಿ ಹಿಡೀಬೇಕು. ಕೈ ಕೆಳಗೆ ಊರೂರೇ ಇದ್ದರೂ ಮನಸ್ಸಿಗೆ ನೆಮ್ಮದಿ ಇಲ್ಲ. ಒಂದು ದಿನ ಅಷ್ಟನ್ನೂ ಬಿಟ್ಟು ತಮ್ಮದೇ ಸೀಮೆಯ ಬೆಟ್ಟ ಹತ್ತಿ ತಪಸ್ಸಿಗೆ ಕೂತರಂತೆ. ಗ್ರಾಮ ಪಂಚಾಯ್ತಿ ಮೆಂಬರ್‌ಗಿರಿ ಬಿಡೋದಕ್ಕೇ ಜನ ಒದ್ದಾಡುತ್ತಾರೆ, ಇವರು ಪಾಳೆಯಪಟ್ಟನ್ನೇ ಬಿಟ್ಟರು!

ಬೆಟ್ಟ ಹತ್ತಿದ ಮೇಲೆ ಮಾತು ಬಿಟ್ಟು ಕೂರಬಹುದಿತ್ತು. ಕೂರಲಿಲ್ಲ. ವೇದಾಂತ, ಆಗಮ, ಯೋಗ ಎಲ್ಲವೂ ಆಗ ಸಂಸ್ಕೃತದ ಬೀಗದೊಳಗಿದ್ದವು. ಓದುಬರಹ ಕಲಿತ ನಾಲ್ಕು ಜನಕ್ಕೆ ಬಿಟ್ಟರೆ ಮಿಕ್ಕವರಿಗೆ ಅದರ ಗಾಳಿಯೂ ಸೋಕುತ್ತಿರಲಿಲ್ಲ. ನಿಜಗುಣರು ಅದನ್ನು ಕನ್ನಡಕ್ಕೆ ಇಳಿಸಿದರು. ಕೈವಲ್ಯ ಪದ್ಧತಿ, ಪರಮಾನುಭವ ಬೋಧೆ, ಪರಮಾರ್ಥ ಗೀತೆ, ಅನುಭವಸಾರ, ಪರಮಾರ್ಥ ಪ್ರಕಾಶಿಕೆ, ವಿವೇಕ ಚಿಂತಾಮಣಿ - ಒಟ್ಟು ಆರು. ತ್ರಿಪದಿ, ಸಾಂಗತ್ಯ, ರಗಳೆ ಅಂತ ಜನರ ಬಾಯಲ್ಲಿ ನಿಲ್ಲುವ ಮಟ್ಟುಗಳನ್ನೇ ಹಿಡಿದರು. ಪರಮಾರ್ಥ ಪ್ರಕಾಶಿಕೆ ಮಾತ್ರ ಶಿವಯೋಗ ಪ್ರದೀಪಿಕೆ ಎಂಬ ಸಂಸ್ಕೃತ ಗ್ರಂಥಕ್ಕೆ ಬರೆದ ಟೀಕೆ. ಕೈವಲ್ಯ ಪದ್ಧತಿಯದು ಹಾಡಿನ ದಾರಿ. ರಾಗ ಹಿಡಿದು ಹಾಡುವ ಪದಗಳು, ಭಜನೆಯವರ ಬಾಯಿಗೆ ಬಂದದ್ದು ಅಲ್ಲಿಂದಲೇ.

ಅಷ್ಟಕ್ಕೂ ಅವರು ಹೇಳಿದ್ದೇನು? ಶಾಸ್ತ್ರದಲ್ಲಿ ಶಿವ, ಬ್ರಹ್ಮ ಅಂತ ಬಂದ ಕಡೆಯೆಲ್ಲ ಜನ ಆಕಾಶ ನೋಡುತ್ತಾರೆ. ನಿಜಗುಣರು ಆ ಬೆರಳನ್ನು ಓದುವವನ ಎದೆ ಕಡೆಗೇ ತಿರುಗಿಸಿಬಿಟ್ಟರು. ಶಾಸ್ತ್ರ ಹೇಳೋ ಶಿವ ನಿನ್ನೊಳಗಿನ ಅರಿವೇ ಹೊರತು ಬೇರೆಯಲ್ಲ ಅನ್ನೋದು ಅವರ ಆರೂ ಗ್ರಂಥಗಳ ತಿರುಳು.

ಪೇಟೆ ಬೀದಿಯ ಮಾತಲ್ಲಿ ಹೇಳೋದಾದರೆ ಹೀಗೆ. ಇದು ನನ್ನ ಅಂಗಡಿ ಅನ್ನೋನು ಅಂಗಡಿಯಲ್ಲ, ಅದರ ಯಜಮಾನ. ಹಾಗೇ ನನ್ನ ಕೈ, ನನ್ನ ಮೈ, ನನ್ನ ಮನಸ್ಸು ಅನ್ನೋನು ಕೈಯೂ ಅಲ್ಲ, ಮೈಯೂ ಅಲ್ಲ, ಮನಸ್ಸೂ ಅಲ್ಲ. ಹಾಗಾದ್ರೆ ಯಾರು? ಬಾಗಿಲು ಹಾಕಿ ಮಲಗಿದ ವ್ಯಾಪಾರಿಗೆ ಅಂಗಡಿಗೆ ಬೆಂಕಿ ಬಿದ್ದ ಕನಸು ಬೀಳುತ್ತೆ, ಬೆವತು ಏಳುತ್ತಾನೆ. ಬೆಂಕಿ ಸುಳ್ಳು ಅಂತ ಸಮಾಧಾನವಾಗಿ ಮತ್ತೆ ಮಲಗಿದರೆ ಈ ಸಲ ಗಾಢ ನಿದ್ದೆ. ಬೆಳಿಗ್ಗೆ ಎದ್ದು, ಸೊಗಸಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ ಅಂತಾನೆ. ಏನೂ ಗೊತ್ತಾಗಲಿಲ್ಲ ಅನ್ನೋದನ್ನ ಗೊತ್ತು ಮಾಡಿಕೊಂಡದ್ದು ಯಾವುದು? ಎಚ್ಚರ ಹೋಗುತ್ತೆ, ಕನಸು ಹೋಗುತ್ತೆ, ನಿದ್ದೆಯೂ ಹೋಗುತ್ತೆ. ಮೂರನ್ನೂ ಕಂಡ ಸಾಕ್ಷಿ ಮಾತ್ರ ಎಲ್ಲಿಗೂ ಹೋಗಿಲ್ಲ. ಆ ಸಾಕ್ಷಿಯೇ ಶಿವ. ಉಪನಿಷತ್ತುಗಳಲ್ಲಿ, ಶಂಕರಾಚಾರ್ಯರ ಅದ್ವೈತದಲ್ಲಿ ಬರುವ ವಾದ ಇದು. ಅದನ್ನು ಕನ್ನಡದ ಪದವಾಗಿ ಭಜನೆ ಮನೆಗೆ ತಂದದ್ದು ನಿಜಗುಣರ ಕೆಲಸ.

ಹಾಗಂತ ಬೆಟ್ಟದ ಶಂಭುಲಿಂಗನನ್ನು ಅವರು ಕೈಬಿಡಲಿಲ್ಲ. ಒಳಗಿನ ಅರಿವನ್ನು ಹಾಡಿ ಕೊನೆಗೆ ಅದೇ ಹೆಸರು ಇಡುತ್ತಾರೆ. ಗುರು ಬೇಕು, ಭಕ್ತಿ ಬೇಕು ಅನ್ನುತ್ತಾರೆ.

ತಕರಾರು ಹುಟ್ಟಿದ್ದೂ ಇಲ್ಲೇ. ವೀರಶೈವ ಪಂಡಿತರ ಸಿದ್ಧಾಂತ ಶಕ್ತಿವಿಶಿಷ್ಟಾದ್ವೈತ, ಅವರ ಸಾಧನೆಯ ಮೆಟ್ಟಿಲು ಷಟ್‌ಸ್ಥಲ. ನಿಜಗುಣರು ವೀರಶೈವರಾಗಿದ್ದೂ ಶಂಕರರ ಕಡೆ ವಾಲಿದರಲ್ಲ ಅಂತ ಕೆಲವರ ಅಸಮಾಧಾನ. ಇಲ್ಲ, ಎರಡನ್ನೂ ಹೊಂದಿಸಿದರು ಅಂತ ಇನ್ನು ಕೆಲವರು. ಓದಿದರೆ ಎರಡನೆಯವರ ಮಾತೇ ಸರಿ ಕಾಣುತ್ತೆ. ಆ ಮನುಷ್ಯನಿಗೆ ಬೋರ್ಡಿನ ಚಿಂತೆ ಇರಲಿಲ್ಲ, ಬೋರ್ಡು ಬೇಕಾದದ್ದು ಆಮೇಲೆ ಬಂದವರಿಗೆ.

ವಿವೇಕ ಚಿಂತಾಮಣಿಯ ಕತೆಯೇ ಬೇರೆ. ಗದ್ಯದಲ್ಲಿರುವ ಈ ಗ್ರಂಥ ಒಂದು ವಿಶ್ವಕೋಶ, ಸುಮಾರು 1500 ವಿಷಯ ಇವೆ ಅಂತ ಎಣಿಸಿದ್ದಾರೆ. ವೇದ, ಆಗಮದ ಜೊತೆ ಸಂಗೀತ, ನಾಟ್ಯ, ಅಲಂಕಾರ, ಕಾಮಶಾಸ್ತ್ರದವರೆಗೂ ಬರುತ್ತೆ. ಎಲ್ಲ ಬಿಟ್ಟವರಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಬಿಡಬೇಕಾದ್ದು ಏನು ಅಂತ ಮೊದಲು ಪೂರ್ತಿ ತಿಳಿದುಕೊಳ್ಳಬೇಕಲ್ಲ! ಈ ಗ್ರಂಥ 1604ರಲ್ಲಿ ಮರಾಠಿಗೆ ಹೋಯಿತು, 1652ರಲ್ಲಿ ಸಂಸ್ಕೃತಕ್ಕೂ. ಸಂಸ್ಕೃತದಿಂದ ಕನ್ನಡಕ್ಕೆ ತಂದವರ ಪುಸ್ತಕ ಕನ್ನಡದಿಂದ ಸಂಸ್ಕೃತಕ್ಕೆ ಹೋದದ್ದು ಸಣ್ಣ ಮಾತಲ್ಲ. ಅದೇ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ಇದರ ವೇದಾಂತ ಭಾಗವನ್ನು ವೇದಾಂತ ಚೂಡಾಮಣಿ ಎಂಬ ಹೆಸರಲ್ಲಿ ತಮಿಳಿಗೆ ತಂದರು.

ಹಾಡಿನ ದಾರಿಯೂ ಬೆಳೆಯಿತು. ಮುಪ್ಪಿನ ಷಡಕ್ಷರಿ, ಬೆಂಗಳೂರಿನ ಸರ್ಪಭೂಷಣ ಶಿವಯೋಗಿ, ಬಾಲಲೀಲಾ ಮಹಾಂತ ಶಿವಯೋಗಿ ಇವರೆಲ್ಲ ಅದೇ ಜಾಡಿನವರು. ಪಂಡಿತರು ಇದಕ್ಕೆ ಕೈವಲ್ಯ ಸಾಹಿತ್ಯ ಅಂತಲೇ ಹೆಸರಿಟ್ಟಿದ್ದಾರೆ. ಹುಬ್ಬಳ್ಳಿಯ ಸಿದ್ಧಾರೂಢರು (1836-1929) ಜಾತಿ ನೋಡದೆ ಬಂದವರಿಗೆಲ್ಲ ನಿಜಗುಣರ ಶಾಸ್ತ್ರ ಹೇಳಿಸಿದರು. ಉತ್ತರ ಕರ್ನಾಟಕದ ಮಠಗಳಲ್ಲಿ ನಿಜಗುಣ ಶಾಸ್ತ್ರ ಅಂದರೆ ಸಾಕು, ಮುದುಕರು ಮಕ್ಕಳು ಬಂದು ಕೂರುತ್ತಾರೆ.

ಹುಟ್ಟೂರ ಕಡೆ ಅಷ್ಟು ಸದ್ದಿಲ್ಲ. ಸೀಮೆಯ ಹಣೆಬರಹವೂ ಹಾಗೇ ಇತ್ತು. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರಿಗೆ ಸೇರಿತು, ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಹೀಗೆ ಕೈ ಬದಲಾಗುತ್ತಿದ್ದ ಸೀಮೆಯವರನ್ನು ನಮ್ಮವರು ಅಂತ ಮೆರೆಸೋರು ಯಾರು? ಗುಂಡ್ಲುಪೇಟೆಯ ಭಜನೆಯವರು ಮಾತ್ರ ಹೆಸರು ಗೊತ್ತಿಲ್ಲದೆಯೇ ಹಾಡುತ್ತಾ ಬಂದರು.

ಚಿಲಕವಾಡಿ ಬೆಟ್ಟ ಈಗಲೂ ಅಲ್ಲೇ ಇದೆ. ಕೊಳ್ಳೇಗಾಲ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ದಾರಿ ಹೇಳ್ತಾರೆ.