ಅಮಾನತ್ ಕಾಯ್ದ ಮಗಳು: ನೂರ್ ಇನಾಯತ್ ಖಾನ್



ಟಿಪ್ಪು ಸುಲ್ತಾನರ ವಂಶ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಖಡ್ಗ, ಕುದುರೆ ಮತ್ತು ಶ್ರೀರಂಗಪಟ್ಟಣದ ಕೋಟೆ. ಆದರೆ ಅದೇ ವಂಶದ ಒಬ್ಬ ಮಗಳು ಕೈಯಲ್ಲಿ ಖಡ್ಗವನ್ನೂ ಬಂದೂಕನ್ನೂ ಹಿಡಿಯದೆ, ಒಂದು ಚರ್ಮದ ಪೆಟ್ಟಿಗೆಯನ್ನು ಹೊತ್ತುಕೊಂಡು ಶತ್ರುಗಳೇ ತುಂಬಿದ್ದ ಪ್ಯಾರಿಸ್ ನಗರದಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಓಡಾಡಿದಳು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರ ಹೆಸರು ನೂರುನ್ನಿಸಾ ಇನಾಯತ್ ಖಾನ್. ನೂರುನ್ನಿಸಾ ಎಂದರೆ ಸ್ತ್ರೀಕುಲದ ಬೆಳಕು. ಬೇಹುಗಾರಿಕೆಯ ಚರಿತ್ರೆಯಲ್ಲಿ ಅವರ ಹೆಸರು ಇಂದಿಗೂ ಗೌರವದಿಂದ ಉಳಿದಿದೆ. ಈ ಗೌರವಕ್ಕೆ ಬಲವಾದ ಸಾಕ್ಷಿ ನುಡಿದವರು ಅವರ ಮಿತ್ರರಲ್ಲ, ಅವರನ್ನು ಸೆರೆಹಿಡಿದ ಶತ್ರು ಅಧಿಕಾರಿಗಳು. ಅದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮನೆತನ

1799ರ ಮೇ 4ರಂದು ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದರು. ಅವರ ಕುಟುಂಬವನ್ನು ಇಂಗ್ಲಿಷರು ಮೊದಲು ವೆಲ್ಲೂರಿನ ಕೋಟೆಗೆ ಸಾಗಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳ ದಂಗೆಯಾದ ಮೇಲೆ ದೂರದ ಕಲ್ಕತ್ತೆಗೆ ಕಳುಹಿಸಿದರು. ಹೀಗೆ ಚದುರಿಹೋದ ವಂಶದ ಒಬ್ಬ ಹೆಣ್ಣುಮಗಳನ್ನು ಪ್ರಸಿದ್ಧ ಸಂಗೀತಗಾರ ಮೌಲಾಬಕ್ಷರು ಮದುವೆಯಾದರೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಮೌಲಾಬಕ್ಷರು ಮೈಸೂರಿನ ಅರಮನೆಯಲ್ಲಿ ಮನ್ನಣೆ ಪಡೆದು, ಕರ್ನಾಟಕ ಸಂಗೀತವನ್ನೂ ಕಲಿತು, ಮುಂದೆ ಬರೋಡದಲ್ಲಿ ನೆಲೆಸಿದವರು. ಅವರ ಮಗಳ ಮಗನೇ ಹಜರತ್ ಇನಾಯತ್ ಖಾನ್.

1882ರಲ್ಲಿ ಬರೋಡದಲ್ಲಿ ಹುಟ್ಟಿದ ಇನಾಯತ್ ಖಾನರು ವೀಣೆ ನುಡಿಸುವುದರಲ್ಲಿ ಹೆಸರಾದರು. ಹೈದರಾಬಾದಿನಲ್ಲಿ ಚಿಶ್ತಿ ಪರಂಪರೆಯ ಗುರುಗಳ ಸೇವೆ ಮಾಡಿದರು. ನಮ್ಮ ಗುಲಬರ್ಗದ ಖ್ವಾಜಾ ಬಂದೇ ನವಾಜರದೂ ಇದೇ ಚಿಶ್ತಿ ಪರಂಪರೆ ಎಂಬುದನ್ನು ನೀವು ಬಲ್ಲಿರಿ. 1910ರ ಸೆಪ್ಟೆಂಬರ್ 13ರಂದು ಅವರು ಮುಂಬಯಿಯಿಂದ ಹಡಗು ಹತ್ತಿ ಪಶ್ಚಿಮ ದೇಶಗಳಿಗೆ ಹೊರಟರು. ಈ ತಾರೀಖನ್ನು ನೆನಪಿನಲ್ಲಿಡಿ. ಅಮೆರಿಕದಲ್ಲಿ ಪರಿಚಯವಾದ ಓರಾ ರೇ ಬೇಕರ್ ಎಂಬ ತರುಣಿಯೊಡನೆ ಅವರ ವಿವಾಹವಾಯಿತು. ಆಕೆ ಅಮೀನಾ ಬೇಗಂ ಎಂದು ಹೆಸರಾದರು. ಇವರ ನಾಲ್ಕು ಮಕ್ಕಳಲ್ಲಿ ಹಿರಿಯವರಾದ ನೂರ್ ಹುಟ್ಟಿದ್ದು 1914ರ ಜನವರಿಯ ಆರಂಭದಲ್ಲಿ, ರಷ್ಯಾದ ಮಾಸ್ಕೋ ನಗರದಲ್ಲಿ.

ಬಾಲ್ಯ ಮತ್ತು ವಿದ್ಯೆ

ಕುಟುಂಬವು ಕೆಲವು ವರ್ಷ ಲಂಡನ್ನಿನಲ್ಲಿದ್ದು, 1920ರಲ್ಲಿ ಫ್ರಾನ್ಸಿಗೆ ಹೋಯಿತು. ಪ್ಯಾರಿಸ್ಸಿನ ಪಕ್ಕದ ಸುರೇನ್ ಎಂಬಲ್ಲಿ ಶಿಷ್ಯರೊಬ್ಬರು ಕೊಟ್ಟ ಮನೆಗೆ ಇನಾಯತ್ ಖಾನರು ಫಜಲ್ ಮಂಜಿಲ್ ಎಂದು ಹೆಸರಿಟ್ಟರು. ಆ ಮನೆಯಲ್ಲಿ ಮಕ್ಕಳಿಗೆ ಕಲಿಸಿದ ದೊಡ್ಡ ಪಾಠವೆಂದರೆ ಸತ್ಯ. ಯಾವ ಕಾರಣಕ್ಕೂ ಸುಳ್ಳಾಡಬಾರದು, ಯಾವ ಜೀವಿಗೂ ನೋವುಂಟುಮಾಡಬಾರದು ಎಂಬ ಸಂಸ್ಕಾರದಲ್ಲಿ ಅವರು ಬೆಳೆದರು.

1926ರಲ್ಲಿ ಭಾರತಕ್ಕೆ ಮರಳಿದ ಇನಾಯತ್ ಖಾನರು 1927ರ ಫೆಬ್ರವರಿ 5ರಂದು ದೆಹಲಿಯಲ್ಲಿ ನಿಧನರಾದರು. ನಿಜಾಮುದ್ದೀನ್ ಬಸ್ತಿಯಲ್ಲಿ ಅವರ ಮಜಾರ್ ಇದೆ. ಆಗ ನೂರ್‌ಗೆ ಕೇವಲ 13 ವರ್ಷ. ತಾಯಿ ದುಃಖದಲ್ಲಿ ಮುಳುಗಿ ಕೋಣೆ ಸೇರಿದರು. ಇಬ್ಬರು ತಮ್ಮಂದಿರು ಮತ್ತು ಒಬ್ಬ ತಂಗಿಯ ಜವಾಬ್ದಾರಿ ಈ ಬಾಲೆಯ ಹೆಗಲಿಗೆ ಬಿತ್ತು. ಮನೆಗೆಲಸದ ನಡುವೆಯೂ ಅವರು ಓದು ಬಿಡಲಿಲ್ಲ. ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದರು. ನಾದಿಯಾ ಬುಲಾಂಜೆ ಎಂಬ ಪ್ರಖ್ಯಾತ ಶಿಕ್ಷಕಿಯ ಬಳಿ ಸಂಗೀತ ಕಲಿತರು. ಪ್ಯಾರಿಸ್ ರೇಡಿಯೋಗೆ ಮಕ್ಕಳ ಕತೆಗಳನ್ನು ಬರೆದರು. 1939ರಲ್ಲಿ ಇಪ್ಪತ್ತು ಜಾತಕ ಕತೆಗಳ ಅವರ ಇಂಗ್ಲಿಷ್ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ತನ್ನ ದೇಹವನ್ನೇ ಸೇತುವೆ ಮಾಡಿ ತನ್ನವರೆಲ್ಲರನ್ನೂ ದಾಟಿಸುವ ವಾನರರಾಜನ ಕತೆಯೂ ಇದೆ. ಬರೆದವರ ಬಾಳೇ ಮುಂದೆ ಆ ಕತೆಯಂತಾಗುವುದೆಂದು ಅಂದು ಯಾರು ಎಣಿಸಿದ್ದರು?

ಯುದ್ಧದ ಕರೆ

1940ರ ಜೂನ್‌ನಲ್ಲಿ ಹಿಟ್ಲರನ ಸೇನೆ ಪ್ಯಾರಿಸ್ಸನ್ನು ಹಿಡಿಯಿತು. ನೂರ್ ಮತ್ತು ಮನೆಯವರು ಬೋರ್ಡೋ ಬಂದರಿನ ದಾರಿ ಹಿಡಿದು ಇಂಗ್ಲೆಂಡಿಗೆ ಪಾರಾದರು. ಆಗ ಅಕ್ಕ ನೂರ್ ಮತ್ತು ತಮ್ಮ ವಿಲಾಯತ್ ಕೂಡಿ ಬಹಳ ಯೋಚಿಸಿದರು. ಅಹಿಂಸೆಯನ್ನು ನಂಬಿದವರು ಇಂತಹ ಹೊತ್ತಿನಲ್ಲಿ ಏನು ಮಾಡಬೇಕು? ನಾಜಿಗಳು ಯಹೂದಿಗಳನ್ನು ಹಿಂಸಿಸುತ್ತಿರುವಾಗ ಕೈಕಟ್ಟಿ ಕೂರುವುದು ಅಹಿಂಸೆಯಾಗದು ಎಂಬ ನಿರ್ಣಯಕ್ಕೆ ಬಂದರು. ಇನ್ನೊಬ್ಬರನ್ನು ಕೊಲ್ಲದೆ, ಆದರೆ ತಮ್ಮ ಪ್ರಾಣಕ್ಕೆ ಹೆಚ್ಚು ಅಪಾಯವಿರುವ ಕೆಲಸವನ್ನೇ ಆರಿಸಿಕೊಳ್ಳುವುದೆಂದು ನಿಶ್ಚಯಿಸಿದರು. 1940ರ ನವೆಂಬರ್‌ನಲ್ಲಿ ನೂರ್ ವಾಯುಪಡೆಯ ಮಹಿಳಾ ವಿಭಾಗಕ್ಕೆ ಸೇರಿ ವೈರ್‌ಲೆಸ್ ಕೆಲಸ ಕಲಿತರು.

ಟಿಪ್ಪುವನ್ನು ಕೊಂದ ಇಂಗ್ಲಿಷರ ಪರವಾಗಿ ಟಿಪ್ಪುವಿನ ವಂಶದವಳು ಏಕೆ ದುಡಿಯಬೇಕಿತ್ತು ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆಯೇ. ಅಧಿಕಾರಿ ಹುದ್ದೆಯ ಸಂದರ್ಶನದಲ್ಲಿ ಭಾರತದ ವಿಷಯ ಬಂದಾಗ, ಯುದ್ಧ ಮುಗಿದ ಮೇಲೆ ತಾನು ಭಾರತದ ಸ್ವಾತಂತ್ರ್ಯದ ಪಕ್ಷವನ್ನೇ ವಹಿಸುವುದಾಗಿ ನೂರ್ ಇಂಗ್ಲಿಷ್ ಅಧಿಕಾರಿಗಳ ಮುಖಕ್ಕೇ ಹೇಳಿದರು. ಹುದ್ದೆ ಕೈತಪ್ಪೀತೆಂದು ಮಾತು ಮರೆಸಲಿಲ್ಲ. ಅವರು ಸಾಮ್ರಾಜ್ಯಕ್ಕಾಗಿ ಹೋರಾಡಲಿಲ್ಲ, ನಾಜಿಗಳ ಕ್ರೌರ್ಯದ ವಿರುದ್ಧ ಹೋರಾಡಿದರು.

ಗುಪ್ತ ಸೇವೆ

ಇಲ್ಲಿ ಎರಡು ಮಾತುಗಳ ಅರ್ಥ ತಿಳಿಯಬೇಕು. ಶತ್ರುವಿನ ನಾಡಿನಲ್ಲಿ ಗುಟ್ಟಾಗಿ ಕೆಲಸ ಮಾಡುವುದು ಬೇಹುಗಾರಿಕೆ. ಹಾಗೆ ನುಸುಳಿದವರನ್ನು ಪತ್ತೆಹಚ್ಚಿ ಹಿಡಿಯುವುದು, ಸಾಧ್ಯವಾದರೆ ಅವರ ಸಾಧನಗಳನ್ನೇ ಬಳಸಿ ಅವರ ದೇಶವನ್ನು ಮೋಸಗೊಳಿಸುವುದು ಪ್ರತಿಬೇಹುಗಾರಿಕೆ. ಫ್ರಾನ್ಸಿನ ದೇಶಪ್ರೇಮಿ ಗುಂಪುಗಳಿಗೆ ನೆರವಾಗಲು ಬ್ರಿಟನ್ 1940ರಲ್ಲಿ ಎಸ್.ಓ.ಇ. ಎಂಬ ಗುಪ್ತ ಸಂಸ್ಥೆಯನ್ನು ಕಟ್ಟಿತ್ತು. ಅದನ್ನು ಮುರಿಯಲು ಜರ್ಮನರು ಪ್ಯಾರಿಸ್ಸಿನ ಫೋಶ್ ರಸ್ತೆಯ 84ನೇ ನಂಬರಿನ ಕಟ್ಟಡದಲ್ಲಿ ಪ್ರತಿಬೇಹುಗಾರಿಕೆಯ ಕಚೇರಿ ತೆರೆದಿದ್ದರು. ಅಲ್ಲಿನ ಮುಖ್ಯಸ್ಥ ಹನ್ಸ್ ಯೋಸೆಫ್ ಕೀಫರ್ ಮೊದಲು ಪೊಲೀಸ್ ಇಲಾಖೆಯಲ್ಲಿ ಪಳಗಿದವನು.

ಫ್ರೆಂಚ್ ಭಾಷೆಯೂ ವೈರ್‌ಲೆಸ್ ವಿದ್ಯೆಯೂ ಬಲ್ಲ ನೂರ್ 1942ರ ಕೊನೆಯಲ್ಲಿ ಎಸ್.ಓ.ಇ. ಕಣ್ಣಿಗೆ ಬಿದ್ದರು. ಆದರೆ ತರಬೇತಿಯಲ್ಲಿ ಅವರಿಗೆ ಒಳ್ಳೆಯ ವರದಿ ಬರಲಿಲ್ಲ. ಸ್ವಭಾವ ಬಹಳ ಮೃದು, ಬೇಗ ಬೆದರುವವರು, ಎರಡು ಮುಖದ ಕೆಲಸ ಇವರಿಗೆ ಒಗ್ಗದು ಎಂದು ಶಿಕ್ಷಕರು ಬರೆದರು. ಹುಸಿ ವಿಚಾರಣೆಯ ಪರೀಕ್ಷೆಯಲ್ಲಿ ಅವರು ನಡುಗಿಹೋದರು. ಫ್ರಾನ್ಸ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಈ ವರದಿಗಳನ್ನು ಪಕ್ಕಕ್ಕಿಟ್ಟು ಅವರನ್ನು ಕಳುಹಿಸಿದರು. ವೈರ್‌ಲೆಸ್ ಬಲ್ಲವರ ಅಗತ್ಯ ಅಷ್ಟಿತ್ತು. 1943ರ ಜೂನ್ 16ರ ರಾತ್ರಿ ಪುಟ್ಟ ವಿಮಾನವೊಂದು ನೂರ್ ಅವರನ್ನು ಫ್ರಾನ್ಸಿನ ಒಂದು ಬಯಲಿಗೆ ಒಯ್ದಿತು. ಅವರ ಗುಪ್ತನಾಮ ಮದ್ಲೆನ್. ಆಕ್ರಮಿತ ಫ್ರಾನ್ಸಿಗೆ ಬ್ರಿಟನ್ ಕಳುಹಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವರೇ.

ಪ್ಯಾರಿಸ್ ತಲುಪಿ ಹತ್ತು ದಿನ ಕಳೆಯುವುದರೊಳಗೆ ಅವರ ಜಾಲದ ಮುಖಂಡರೆಲ್ಲ ಸಿಕ್ಕಿಬಿದ್ದರು. ಮರಳಿ ಬರಲು ಲಂಡನ್ ಅನುಮತಿ ಕೊಟ್ಟಿತು. ತಾನು ಹೊರಟರೆ ಪ್ಯಾರಿಸ್ಸಿಗೂ ಲಂಡನ್ನಿಗೂ ನಡುವಿನ ಕೊನೆಯ ಎಳೆ ಕಡಿದುಹೋಗುತ್ತದೆ, ಬದಲಿ ಬರುವ ತನಕ ಇಲ್ಲೇ ಇರುತ್ತೇನೆ ಎಂದು ನೂರ್ ತಿಳಿಸಿದರು. ವೈರ್‌ಲೆಸ್ ಆಪರೇಟರ್ ಸಿಕ್ಕಿಬೀಳದೆ ಉಳಿಯುವುದು ಸಾಮಾನ್ಯವಾಗಿ ಆರು ವಾರ ಎಂಬ ಲೆಕ್ಕವಿದ್ದ ಕಾಲ ಅದು. ಸುಮಾರು 15 ಕಿಲೋ ತೂಕದ ಯಂತ್ರವನ್ನು ಹೊತ್ತು ಅವರು ಮನೆಯಿಂದ ಮನೆಗೆ ತಿರುಗಿದರು. ಸಂದೇಶ ಕಳುಹಿಸುವ ಜಾಗವನ್ನು ಹುಡುಕಲು ಜರ್ಮನರ ವಾಹನಗಳು ಬೀದಿಬೀದಿ ಸುತ್ತುತ್ತಿದ್ದವು. ಅವರು ಕೂದಲಿನ ಬಣ್ಣ ಬದಲಿಸಿದರು, ಮನೆ ಬದಲಿಸಿದರು. ಒಮ್ಮೆ ಸುರಂಗ ರೈಲಿನಲ್ಲಿ ಜರ್ಮನ್ ಸೈನಿಕರು ಪೆಟ್ಟಿಗೆಯಲ್ಲೇನಿದೆ ಎಂದು ಕೇಳಿದಾಗ, ಸಿನಿಮಾ ತೋರಿಸುವ ಯಂತ್ರವೆಂದು ಹೇಳಿ ಪಾರಾದರು. ಸುಳ್ಳನ್ನೇ ಅರಿಯದ ಮನೆಯ ಮಗಳು ಇತರರ ಜೀವ ಉಳಿಸಲು ಆಡಿದ ಮಾತು ಅದು.

ಸೆರೆ

ಮರಳುವ ಏರ್ಪಾಟು ನಡೆದಿದ್ದ ದಿನಗಳಲ್ಲೇ, 1943ರ ಅಕ್ಟೋಬರ್ ನಡುವಿನಲ್ಲಿ, ಯಾರೋ ಹಣಕ್ಕಾಗಿ ಅವರನ್ನು ಹಿಡಿದುಕೊಟ್ಟರು. ಯುದ್ಧದ ನಂತರ ಒಬ್ಬ ಹೆಂಗಸಿನ ಮೇಲೆ ಮೊಕದ್ದಮೆ ನಡೆದು ಅವಳು ಬಿಡುಗಡೆಯಾದಳು. ಹಿಡಿಯಲು ಬಂದವನೊಡನೆ ನೂರ್ ಎಷ್ಟು ಸೆಣಸಿದರೆಂದರೆ ಅವನು ನೆರವಿಗೆ ಬೇರೆಯವರನ್ನು ಕರೆಯಬೇಕಾಯಿತು. ಬೇಗ ಬೆದರುವವರು ಎಂದು ವರದಿ ಬರೆದಿದ್ದು ಇವರನ್ನೇ!

ಕೀಫರನ ಕಚೇರಿಯಲ್ಲಿ ವಾರಗಟ್ಟಲೆ ವಿಚಾರಣೆ ನಡೆಯಿತು. ನಯದ ಮಾತು, ಬೆದರಿಕೆ, ಮಿತ್ರರೆಲ್ಲ ಬಾಯಿಬಿಟ್ಟಿದ್ದಾರೆಂಬ ಪುಸಲಾವಣೆ ಯಾವುದೂ ಫಲಿಸಲಿಲ್ಲ. ನೂರ್ ಬಾಯಿ ಬಿಡಲಿಲ್ಲ. ಸಿಕ್ಕ ದಿನವೇ ಸ್ನಾನದ ಕೋಣೆಯ ಕಿಟಕಿಯಿಂದ ಹೊರಬಂದು ತಪ್ಪಿಸಿಕೊಳ್ಳಲು ನೋಡಿದರು. ನವೆಂಬರ್ 25ರ ರಾತ್ರಿ ಇನ್ನಿಬ್ಬರು ಕೈದಿಗಳೊಡನೆ ಛಾವಣಿಯ ಬೆಳಕಿಂಡಿಯ ಸರಳು ಕಿತ್ತು ಮಾಳಿಗೆ ಹತ್ತಿದರು. ದುರ್ದೈವ, ಅದೇ ಹೊತ್ತಿಗೆ ಬ್ರಿಟಿಷ್ ವಿಮಾನಗಳು ಬಂದು ಅಪಾಯದ ಸೈರನ್ ಮೊಳಗಿತು. ಕಾವಲುಗಾರರು ಕೋಣೆಗಳನ್ನು ತಪಾಸಣೆ ಮಾಡಿದ್ದರಿಂದ ಸಿಕ್ಕಿಬಿದ್ದರು. ಇನ್ನು ಓಡುವುದಿಲ್ಲವೆಂದು ಬರೆದುಕೊಟ್ಟರೆ ಇಲ್ಲೇ ಇರಬಹುದು ಎಂದ ಕೀಫರನಿಗೆ ನೂರ್ ಸಹಿ ಹಾಕಿ ಕೊಡಲಿಲ್ಲ. ಪಾಲಿಸಲಾಗದ ಮಾತನ್ನು ಶತ್ರುವಿಗೂ ಕೊಡದವರು ಅವರು.

ಒಂದು ತಪ್ಪು

ಓದುಗರೇ, ಮಹನೀಯರ ಚರಿತ್ರೆ ಬರೆಯುವಾಗ ಅವರ ತಪ್ಪನ್ನು ಮುಚ್ಚಿಡುವುದು ನಮ್ಮಲ್ಲಿ ರೂಢಿ. ಸತ್ಯವನ್ನೇ ಉಸಿರಾಡಿದವರ ವಿಷಯದಲ್ಲಿ ಅದು ಸಲ್ಲದು. ಕಳುಹಿಸಿದ ಸಂದೇಶಗಳನ್ನು ಸುಟ್ಟುಹಾಕುವ ಬದಲು ನೂರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೇಲಿನವರು ಕೊಟ್ಟ ಆದೇಶದ ಒಂದು ಶಬ್ದವನ್ನು ಅವರು ಬೇರೆಯಾಗಿ ಅರ್ಥಮಾಡಿಕೊಂಡಿದ್ದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಆ ಪುಸ್ತಕ ಯಂತ್ರದೊಡನೆ ಜರ್ಮನರ ಕೈಸೇರಿತು. ಕೀಫರನ ಕಚೇರಿಯವರು ನೂರ್ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳುಹಿಸತೊಡಗಿದರು. ಅವರು ಅಪಾಯದಲ್ಲಿದ್ದಾರೆಂಬ ಎಚ್ಚರಿಕೆ ಅಕ್ಟೋಬರ್ ಆರಂಭದಲ್ಲೇ ಲಂಡನ್ ಮುಟ್ಟಿದ್ದರೂ ಅಲ್ಲಿನ ಹಿರಿಯರು ಅದನ್ನು ನಂಬಲಿಲ್ಲ. 1944ರ ಫೆಬ್ರವರಿ ಕೊನೆಯಲ್ಲಿ ಈ ಸುಳ್ಳು ಸಂದೇಶಗಳನ್ನು ನಂಬಿ ಪ್ಯಾರಾಚೂಟಿನಿಂದ ಇಳಿದ ಮೂವರು ನೇರವಾಗಿ ಜರ್ಮನರ ಕೈಗೆ ಬಿದ್ದರು. ಅವರಲ್ಲಿ ದಾಮರ್ಮಾ ಎಂಬ ಫ್ರೆಂಚ್ ತರುಣಿಯೂ ಒಬ್ಬರು.

ಬಾಯಿ ಕಾಯ್ದ ಗುಟ್ಟನ್ನು ಕಾಗದ ಹೊರಗೆಡವಿತು. ಆದರೆ ಎಚ್ಚರಿಕೆ ಬಂದರೂ ಕಣ್ಣುಮುಚ್ಚಿ ಕುಳಿತವರ ಪಾಲೂ ಇದರಲ್ಲಿ ಸಣ್ಣದಲ್ಲ.

ಕೊನೆಯ ದಿನಗಳು

ನವೆಂಬರ್ ಕೊನೆಯಲ್ಲಿ ನೂರ್ ಅವರನ್ನು ಜರ್ಮನಿಯ ಫೋರ್ಜ್‌ಹೈಮ್ ಜೈಲಿಗೆ ಒಯ್ದರು. ಸುದ್ದಿಯಿಲ್ಲದೆ ಮಾಯವಾಗಬೇಕಾದ ಕೈದಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಕೈಕಾಲಿಗೆ ಸಂಕೋಲೆ ಹಾಕಿ ಹತ್ತು ತಿಂಗಳು ಒಂಟಿ ಕೋಣೆಯಲ್ಲಿ ಇಟ್ಟರು. ಅಲ್ಲಿಯೂ ಅವರು ಊಟದ ಪಾತ್ರೆಯ ತಳದಲ್ಲಿ ತನ್ನ ಹೆಸರು ಮತ್ತು ಲಂಡನ್ನಿನ ವಿಳಾಸವನ್ನು ಕೆತ್ತಿ ಪಕ್ಕದ ಕೋಣೆಯ ಫ್ರೆಂಚ್ ಮಹಿಳೆಯರಿಗೆ ತಲುಪಿಸಿದರು.

1944ರ ಸೆಪ್ಟೆಂಬರ್‌ನಲ್ಲಿ ಅವರನ್ನೂ ಇನ್ನು ಮೂವರು ಮಹಿಳೆಯರನ್ನೂ ದಖಾವ್ ಶಿಬಿರಕ್ಕೆ ಸಾಗಿಸಿದರು. ಆ ಮೂವರಲ್ಲಿ ದಾಮರ್ಮಾ ಒಬ್ಬರು. ಸೆಪ್ಟೆಂಬರ್ 13ರ ಮುಂಜಾನೆ ನಾಲ್ವರನ್ನೂ ಕೊಂದರು. ತಂದೆ ಮುಂಬಯಿಯಿಂದ ಹಡಗು ಹತ್ತಿದ ದಿನಕ್ಕೆ ಅಂದಿಗೆ ಸರಿಯಾಗಿ 34 ವರ್ಷ. ನೂರ್‌ಗೆ ಆಗ 30 ವರ್ಷ. ಅಲ್ಲಾಹನು ಅವರಿಗೆ ಮಗ್‌ಫಿರತ್ ದಯಪಾಲಿಸಲಿ.

ಶತ್ರುವಿನ ಸಾಕ್ಷಿ

ಯುದ್ಧದ ನಂತರ ಎಸ್.ಓ.ಇ.ಯ ಅಧಿಕಾರಿ ವೆರಾ ಅಟ್ಕಿನ್ಸ್ ಕಾಣೆಯಾದ ತಮ್ಮವರ ಜಾಡು ಹಿಡಿದು ಜರ್ಮನಿಗೆ ಹೋದರು. ಮೊದಲು ನೂರ್ ಬೇರೊಂದು ಶಿಬಿರದಲ್ಲಿ ಸತ್ತರೆಂದು ಭಾವಿಸಲಾಗಿತ್ತು. ಫೋರ್ಜ್‌ಹೈಮ್ ಜೈಲಿನ ಸಂಗತಿ ಹೊರಬಂದ ಮೇಲೆ ಆ ತಪ್ಪು ತಿದ್ದಿತು. ಸೆರೆಯಲ್ಲಿದ್ದ ಕೀಫರನನ್ನು ಅವರು ಪ್ರಶ್ನಿಸಿದಾಗ, ನೂರ್ ತಮಗೆ ಒಂದು ಸಂಗತಿಯನ್ನೂ ತಿಳಿಸಲಿಲ್ಲವೆಂದು ಅವನೇ ಒಪ್ಪಿಕೊಂಡ. ಅವರ ಕೊನೆಯನ್ನು ಕೇಳಿ ಅತ್ತನಂತೆ. ಬೇರೆ ಯುದ್ಧಾಪರಾಧಕ್ಕಾಗಿ 1947ರಲ್ಲಿ ಅವನಿಗೆ ಗಲ್ಲಾಯಿತು. ಗುಟ್ಟು ಬಿಡಿಸುವುದೇ ಕಸುಬಾಗಿದ್ದವನು ಕೊಟ್ಟ ಈ ಸಾಕ್ಷಿಗಿಂತ ದೊಡ್ಡ ಪ್ರಶಸ್ತಿ ಬೇರೆ ಬೇಕೇ?

1946ರಲ್ಲಿ ಫ್ರಾನ್ಸ್ ಅವರಿಗೆ ಕ್ವಾ ದ ಗೆರ್ ಪದಕವನ್ನೂ, 1949ರಲ್ಲಿ ಬ್ರಿಟನ್ ಜಾರ್ಜ್ ಕ್ರಾಸ್ ಪದಕವನ್ನೂ ನೀಡಿದವು. 2012ರ ನವೆಂಬರ್ 8ರಂದು ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು.

ನಮಗೇನು ಪಾಠ?

ಒಬ್ಬರು ನಂಬಿ ಒಪ್ಪಿಸಿದ್ದನ್ನು ಪ್ರಾಣ ಹೋದರೂ ಕಾಯುವುದಕ್ಕೆ ನಮ್ಮ ಧರ್ಮ ಅಮಾನತ್ ಎಂಬ ಹೆಸರು ಕೊಟ್ಟಿದೆ. ಹಣ ಮಾತ್ರವಲ್ಲ, ಮಾತೂ ಅಮಾನತ್ತೇ. ನೂರ್ ಕಾಯ್ದದ್ದು ಅದನ್ನು. ಜೊತೆಗೆ ಅವರ ನೋಟ್‌ಬುಕ್ ಇನ್ನೊಂದನ್ನೂ ಕಲಿಸುತ್ತದೆ. ಒಳ್ಳೆಯ ಮನಸ್ಸೊಂದೇ ಸಾಲದು, ಕೆಲಸದಲ್ಲಿ ಎಚ್ಚರವೂ ಬೇಕು. ತಿಳಿಯದ್ದನ್ನು ಮತ್ತೊಮ್ಮೆ ಕೇಳಿ ತಿಳಿಯುವುದರಲ್ಲಿ ನಾಚಿಕೆಯಿಲ್ಲ.

ಯಡೂರಿನಿಂದ ರಾಯಬಾಗ, ಅಥಣಿಯವರೆಗೆ ನಮ್ಮ ಹೊಳೆಸಾಲಿನ ಊರುಗಳಲ್ಲಿ ಓದುತ್ತಿರುವ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ವಿನಂತಿ. ಮಗಳು ಮೆದು ಸ್ವಭಾವದವಳು, ಹೆದರುಪುಕ್ಕಲಿ, ಅವಳಿಗೇಕೆ ಹೆಚ್ಚಿನ ಓದು ಎಂದು ಮನೆಯಲ್ಲಿ ಮಾತು ಬಂದಾಗ, ನೂರ್ ಬಗ್ಗೆ ಬರೆದ ಆ ತರಬೇತಿಯ ವರದಿಗಳನ್ನು ನೆನಪಿಸಿಕೊಳ್ಳಿ. ಶಿಕ್ಷಕ ಬಂಧುಗಳೂ ಯಾವ ಮಗುವಿನ ಹೆಸರಿನ ಮುಂದೆಯಾದರೂ ಅಯೋಗ್ಯ ಎಂದು ಬರೆಯುವ ಮುನ್ನ ಒಂದು ಗಳಿಗೆ ಯೋಚಿಸಲಿ. ತಂದೆಯಿಲ್ಲದ ಮನೆಯಲ್ಲಿ ತಮ್ಮಂದಿರನ್ನು ಸಾಕುತ್ತ, ಮಕ್ಕಳಿಗೆ ಕತೆ ಬರೆಯುತ್ತ ಬೆಳೆದ ಹುಡುಗಿಯ ಎದೆಯಲ್ಲಿ ಎಂಥ ಕೋಟೆ ಇತ್ತೆಂಬುದು ಅವಳ ಗುರುಗಳಿಗೆ ಕಾಣಲಿಲ್ಲ, ಅವಳ ಶತ್ರುಗಳಿಗೆ ಕಂಡಿತು. ನಮ್ಮ ಮಕ್ಕಳ ವಿಷಯದಲ್ಲಿ ಹಾಗಾಗದಿರಲಿ.