ಹ್ಯಾರಿ ಬ್ರಿಯರ್ಲಿ: ತುಕ್ಕು ಹಿಡಿಯದ ಚಾಕು

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1871ರಲ್ಲಿ ಹುಟ್ಟಿದ ಬ್ರಿಯರ್ಲಿ 12ನೇ ವಯಸ್ಸಿಗೇ ಶಾಲೆ ಬಿಟ್ಟು, ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸೀಸೆ ತೊಳೆಯಲು ಸೇರಿದರು. ಅವರನ್ನು ಮತ್ತೆ ಓದಿಗೆ ಹಚ್ಚಿದವರು ಅಲ್ಲಿನ ರಸಾಯನಶಾಸ್ತ್ರಜ್ಞ ಜೇಮ್ಸ್ ಟೇಲರ್. ನಮಗೆ, ಶಿಕ್ಷಕರಾಗುವವರಿಗೆ, ಈ ಹೆಸರೂ ನೆನಪಿರಬೇಕು.

1913ರಲ್ಲಿ, ಬಂದೂಕಿನ ನಳಿಕೆ ಬೇಗ ಸವೆಯದಂಥ ಉಕ್ಕನ್ನು ಹುಡುಕುತ್ತಾ, ಶೇ 12.8 ಕ್ರೋಮಿಯಂ, ಶೇ 0.24 ಇಂಗಾಲವಿದ್ದ ಉಕ್ಕನ್ನು ತಯಾರಿಸಿದರು. ವಿನೆಗರ್ ಕೂಡ ಅದಕ್ಕೆ ಕಲೆ ಮಾಡಲಿಲ್ಲ. ಇದು ಚಾಕುವಿಗೆ ತಕ್ಕದ್ದೆಂದು ಬ್ರಿಯರ್ಲಿ ಹಟ ಹಿಡಿದರು. ಆದರೆ ಚಾಕು ತಯಾರಕರು ಕೊಯ್ಯದ ಚಾಕು ಕಂಡುಹಿಡಿದವನೆಂದು ನಕ್ಕರು. ಕಾರಣ ಸರಳ: ಇಂಗಾಲದ ಉಕ್ಕಿಗೆ ಸಾಕಾಗುವ ಕಾವು ಇದಕ್ಕೆ ಸಾಲದು. ಕ್ರೋಮಿಯಂ ಕಾರ್ಬೈಡ್ ಕರಗುವಷ್ಟು ಕಾಯಿಸಿ ತಣಿಸಿದರೆ ಮಾತ್ರ ಅಲಗು ಗಟ್ಟಿಯಾಗುತ್ತದೆ. ಅರ್ನೆಸ್ಟ್ ಸ್ಟುವರ್ಟ್ ಎಂಬ ಚಾಕು ತಯಾರಕರು ಆ ಹದ ಹಿಡಿದರು. ಹಾಗಿದ್ದರೂ ಇಂಗಾಲ ಕಡಿಮೆಯಿದ್ದುದರಿಂದ ಹರಿತ ಉಳಿಸಿಕೊಳ್ಳುವುದರಲ್ಲಿ ಹಳೆಯ ಉಕ್ಕೇ ಮೇಲು.

ಪೇಟೆಂಟ್ ತಕರಾರಿನಿಂದ 1915ರಲ್ಲಿ ಕಂಪನಿ ಬಿಟ್ಟ ಬ್ರಿಯರ್ಲಿ 1948ರಲ್ಲಿ ತೀರಿಕೊಂಡರು.