ಕಪ್ಪು ಮರಳಿನಲ್ಲಿ ಹೊಸ ಲೋಹ ಕಂಡ ವಿಲಿಯಂ ಗ್ರೆಗರ್

ಮಕ್ಕಳೇ, ಮಂಗಳೂರಿನ ಕುದ್ರೋಳಿಯ ಸಮೀಪದಲ್ಲೇ ಗುರುಪುರ ನದಿ ಹರಿಯುತ್ತದೆ. ಫಲ್ಗುಣಿ ಎಂಬುದು ಅದರ ಇನ್ನೊಂದು ಹೆಸರು. ಸುಲ್ತಾನ್ ಬತ್ತೇರಿಯ ಬಳಿ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿಯ ಕಡಲ ತೀರ. ಕಡಲ ತೀರದ ಮರಳಿನಲ್ಲಿ ಕೆಲವೊಮ್ಮೆ ಕಪ್ಪು ಗೆರೆಗಳು ಕಾಣುತ್ತವೆ. ನಾವು ಅದನ್ನು ತುಳಿದು ಮುಂದೆ ಹೋಗುತ್ತೇವೆ. ಆದರೆ ಅಂಥ ಕಪ್ಪು ಮರಳಿನಲ್ಲಿ ಏನಿದೆ ಎಂದು ಪರೀಕ್ಷಿಸಿದವರೊಬ್ಬರು ಇದ್ದರು. ಅವರೇ ವಿಲಿಯಂ ಗ್ರೆಗರ್.

ಗ್ರೆಗರ್ 1761ರ ಡಿಸೆಂಬರ್ 25ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಎಂಬಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ಓದಿ ಚರ್ಚಿನ ಪಾದ್ರಿಯಾದರು. ಚಿತ್ರ ಬರೆಯುವುದು, ಸಂಗೀತ ಅವರಿಗೆ ಪ್ರಿಯ. ಬಿಡುವಿನಲ್ಲಿ ಕಲ್ಲು, ಮಣ್ಣುಗಳನ್ನು ಪರೀಕ್ಷಿಸುತ್ತಿದ್ದರು.

ಒಮ್ಮೆ ಮನಾಕನ್ ಕಣಿವೆಯ ತೊರೆಯ ಕಪ್ಪು ಮರಳು ಅವರ ಗಮನ ಸೆಳೆಯಿತು. ಅದು ಸೂಜಿಗಲ್ಲಿಗೆ ಅಂಟುತ್ತಿತ್ತು. ಹಾಗಾದರೆ ಅದರಲ್ಲಿ ಕಬ್ಬಿಣ ಇರಬೇಕಲ್ಲವೇ? ಆಮ್ಲ ಬಳಸಿ ಬೇರ್ಪಡಿಸಿದಾಗ ಕಬ್ಬಿಣವೇನೋ ಸಿಕ್ಕಿತು. ಆದರೆ ನೂರರಲ್ಲಿ ಸುಮಾರು 45 ಭಾಗ ಬೇರೆಯೇ ವಸ್ತುವಾಗಿತ್ತು! ತಿಳಿದಿದ್ದ ಯಾವ ಲೋಹಕ್ಕೂ ಅದು ಹೊಂದಲಿಲ್ಲ. ಇದೊಂದು ಹೊಸ ಲೋಹವಿರಬೇಕೆಂದು 1791ರಲ್ಲಿ ಪ್ರಕಟಿಸಿದರು.

1795ರಲ್ಲಿ ಜರ್ಮನಿಯ ಕ್ಲಾಪ್ರೋತ್ ಎಂಬ ರಸಾಯನ ವಿಜ್ಞಾನಿ ಬೇರೊಂದು ಖನಿಜದಲ್ಲಿ ಅದೇ ಲೋಹವನ್ನು ಗುರುತಿಸಿ, ಟೈಟಾನಿಯಂ ಎಂದು ಹೆಸರಿಟ್ಟರು. ಮುಂದೆ ಎರಡೂ ಒಂದೇ ಎಂದು ತಿಳಿದಾಗ, ಮೊದಲು ಕಂಡವರು ಗ್ರೆಗರ್ ಎಂದು ಒಪ್ಪಿಕೊಂಡರು. ಎಂಥ ಪ್ರಾಮಾಣಿಕತೆ! ಗ್ರೆಗರ್ 1817ರಲ್ಲಿ ಕ್ಷಯರೋಗದಿಂದ ತೀರಿಕೊಂಡರು.

ಟೈಟಾನಿಯಂ ಆಮ್ಲಜನಕದೊಂದಿಗೆ ಸೇರಿದರೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯಾಗುತ್ತದೆ. ಗೋಡೆಯ ಬಿಳಿ ಬಣ್ಣದಲ್ಲಿ ಇರುವುದು ಇದೇ. ಕೇರಳದ ಚವರದಲ್ಲಿ ಕಡಲ ತೀರದ ಕಪ್ಪು ಮರಳಿನಿಂದ ಇದನ್ನು ತಯಾರಿಸುತ್ತಾರೆ.

ಈ ಪುಡಿಗೆ ಇನ್ನೊಂದು ಗುಣವಿದೆ. ಬೆಳಕು ಬಿದ್ದಾಗ ಇದು ನೀರನ್ನು ಒಡೆಯಬಲ್ಲದು ಎಂದು ಜಪಾನಿನ ಫ್ಯುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಪ್ರಕಟಿಸಿದರು. ನೀರಿನಲ್ಲಿರುವ ಬಣ್ಣ ಮತ್ತಿತರ ಕೊಳೆಯನ್ನೂ ಇದು ಒಡೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಬಿಸಿಲಿನ ನೇರಳಾತೀತ ಕಿರಣಗಳು ತಾಗಿದಾಗ ಪುಡಿಯ ಇಲೆಕ್ಟ್ರಾನುಗಳು ಚುರುಕಾಗುತ್ತವೆ. ಆಗ ನೀರು ಮತ್ತು ಆಮ್ಲಜನಕದಿಂದ ಹುಟ್ಟುವ ಚುರುಕಾದ ಕಣಗಳು ಕೊಳೆಯನ್ನು ತುಂಡರಿಸುತ್ತವೆ. ಪುಡಿ ಮಾತ್ರ ಖರ್ಚಾಗುವುದಿಲ್ಲ!

ಆದರೆ ನುಣ್ಣನೆಯ ಪುಡಿಯನ್ನು ನೀರಿನಿಂದ ಮತ್ತೆ ತೆಗೆಯುವುದು ಕಷ್ಟ. ಅದಕ್ಕಾಗಿ ವಿಜ್ಞಾನಿಗಳು ಅದನ್ನು ಇದ್ದಿಲಿನ ಹರಳುಗಳ ಮೇಲೆ ಕೂರಿಸುತ್ತಾರೆ. ತೆಂಗಿನ ಗೆರಟೆಯಿಂದಲೂ ಇಂಥ ಇದ್ದಿಲು ಮಾಡಬಹುದು. ಇದ್ದಿಲಿನಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದು, ಅವು ಕೊಳೆಯನ್ನು ಹಿಡಿದಿಡುತ್ತವೆ. ಟೈಟಾನಿಯಂ ಡೈಆಕ್ಸೈಡ್ ಅದನ್ನು ಒಡೆಯುತ್ತದೆ. ಒಬ್ಬರು ಹಿಡಿಯುವವರು, ಇನ್ನೊಬ್ಬರು ಒಡೆಯುವವರು!

ಬಿಸಿಲಿನಲ್ಲಿ ನೇರಳಾತೀತ ಕಿರಣಗಳು ನೂರರಲ್ಲಿ ಸುಮಾರು 5 ಪಾಲು ಮಾತ್ರ. ಆದ್ದರಿಂದ ಇಡೀ ನದಿಯನ್ನು ಹೀಗೆ ತೊಳೆಯಲಾಗದು. ಕೊಳಚೆ ನೀರು ನದಿ ಸೇರುವ ಮೊದಲೇ ಅದನ್ನು ಶುದ್ಧಗೊಳಿಸಬೇಕು.

ತಾನು ಕಂಡ ವಸ್ತು ಮುಂದೆ ನೀರು ತೊಳೆಯುವ ಕೆಲಸಕ್ಕೆ ಬಂದೀತೆಂದು ಗ್ರೆಗರ್‌ಗೆ ತಿಳಿದಿರಲಿಲ್ಲ. ಆದರೂ ಅವರು ಬಗ್ಗಿ ನೋಡಿದರು, ಪರೀಕ್ಷಿಸಿದರು, ಬರೆದಿಟ್ಟರು. ನೀವೂ ಹಿರಿಯರ ಜೊತೆ ಕಡಲ ತೀರಕ್ಕೆ ಹೋದಾಗ ಸೂಜಿಗಲ್ಲನ್ನು ಕಾಗದದಲ್ಲಿ ಸುತ್ತಿ ಒಣ ಮರಳಿನಲ್ಲಿ ಆಡಿಸಿ. ಏನು ಅಂಟಿತು? ಪುಸ್ತಕದಲ್ಲಿ ಬರೆದಿಡಿ.